ಒಂದು ಐಸಿ, ಒಂದು ಬ್ಯಾಟರಿ, ಒಂದು ಶ್ರುತಿ: ಲಾಜಿಕ್ ಚಿಪ್‌ನಿಂದ ಸ್ವರ ಹುಟ್ಟಿಸುವ ಸಮಗ್ರ ಮಾರ್ಗದರ್ಶಿ

ಹದಿನಾಲ್ಕು ಕಾಲಿನ ಒಂದು ಐಸಿ. ಜೊತೆಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಒಂಬತ್ತು ವೋಲ್ಟಿನ ಬ್ಯಾಟರಿ. ಸ್ವರ ಹೊರಡಿಸಲು ಇಷ್ಟೇ ಸಾಕು. ಅದೇ ಐಸಿಯೊಳಗೆ ಇನ್ನೂ ಐದು ಸ್ವರಗಳಿಗೆ ಜಾಗ ಇರುತ್ತದೆ.

ಈ ಐಸಿಗಳನ್ನು ಸಂಗೀತಕ್ಕೆಂದು ಮಾಡಿದ್ದಲ್ಲ. ಹೌದು-ಇಲ್ಲ, ಒಂದು-ಸೊನ್ನೆ ಅಂತ ಲೆಕ್ಕ ಹಾಕಲು ಮಾಡಿದ್ದು. ಆದರೆ ಆ ಒಂದು-ಸೊನ್ನೆಯನ್ನು ಸೆಕೆಂಡಿಗೆ ಇನ್ನೂರು-ಮುನ್ನೂರು ಸಲ ಅದಲು ಬದಲು ಮಾಡಿ ಸ್ಪೀಕರಿಗೆ ಕೊಟ್ಟರೆ ಅದೇ ಸ್ವರ. ಅಮೆರಿಕದ ಸ್ಯಾಕ್ರಮೆಂಟೋದಲ್ಲಿದ್ದ ಸ್ಟ್ಯಾನ್ಲಿ ಲುನೆಟ್ಟಾ ಎಂಬ ತಾಳವಾದ್ಯಗಾರರು ಲಾಜಿಕ್ ಐಸಿಗಳನ್ನೇ ಹೆಣೆದು ತಾವಾಗಿ ನುಡಿಯುವ ಶಿಲ್ಪಗಳನ್ನು ಕಟ್ಟಿದರು. ಇಂಥ ವಾದ್ಯಗಳಿಗೆ ಇವತ್ತಿಗೂ ‘ಲುನೆಟ್ಟಾ’ ಅನ್ನುವ ಹೆಸರೇ ಇದೆ.

ಇಲ್ಲಿ ಒಂದು ಸ್ವರದಿಂದ ಶುರು ಮಾಡೋಣ. ಕೊನೆಗೆ ತಂಬೂರಿಯ ಹಾಗೆ ಪ-ಸ-ಸ ಹಿಡಿದು ನಿಲ್ಲುವ ಒಂದು ಪುಟ್ಟ ಶ್ರುತಿಪೆಟ್ಟಿಗೆ ಕಟ್ಟೋಣ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾಗುವ ಘಟ್ಟವೂ ಅದೇ. ಷಡ್ಜ-ಪಂಚಮದ ಸಂಬಂಧ ಬರೀ ಎಣಿಕೆಯಿಂದ ಹುಟ್ಟುವುದನ್ನು ಅಲ್ಲಿ ಕಿವಿಯಾರೆ ಕೇಳಬಹುದು.

ಒಳಗೆ ಏನಾಗುತ್ತದೆ?

ನಿಮ್ಮ ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ತಾನೇ ಆನ್ ಆಗಿ ತಾನೇ ಆಫ್ ಆಗುವ ಮೋಟರ್ ಇದೆ ಅಂದುಕೊಳ್ಳಿ. ನೀರು ಕೆಳಗಿನ ಗುರುತಿಗೆ ಇಳಿದರೆ ಮೋಟರ್ ಶುರು. ಮೇಲಿನ ಗುರುತು ಮುಟ್ಟಿದರೆ ಬಂದ್. ಒಂದೇ ಗುರುತು ಇದ್ದಿದ್ದರೆ ಮೋಟರ್ ಅಲ್ಲೇ ಪಟಪಟ ಅಂತ ಆನ್-ಆಫ್ ಆಗುತ್ತಿತ್ತು. ಎರಡು ಗುರುತು ಇರುವುದರಿಂದಲೇ ತುಂಬುವುದು, ಖಾಲಿಯಾಗುವುದು ಅನ್ನುವ ನಿಧಾನದ ಸುತ್ತು ಬರುತ್ತದೆ.

ಸಿಡಿ40106 ಐಸಿಯೊಳಗೆ ಇರುವ ಆರು ‘ಸ್ಮಿಟ್ ಟ್ರಿಗರ್ ಇನ್ವರ್ಟರ್’ಗಳು ಇದನ್ನೇ ಮಾಡುತ್ತವೆ. ಇನ್ವರ್ಟರ್ ಅಂದರೆ ಉಲ್ಟಾ ಹೇಳುವುದು. ಒಳಗೆ ಹೆಚ್ಚು ವೋಲ್ಟೇಜ್ ಬಂದರೆ ಹೊರಗೆ ಸೊನ್ನೆ. ಒಳಗೆ ಕಡಿಮೆ ಬಂದರೆ ಹೊರಗೆ ಪೂರ್ತಿ ಒಂಬತ್ತು ವೋಲ್ಟ್. ಕೆಪಾಸಿಟರ್ ನಮ್ಮ ಟ್ಯಾಂಕ್, ರೆಸಿಸ್ಟರ್ ಪೈಪು. ಔಟ್‌ಪುಟ್ ಒಂಬತ್ತು ವೋಲ್ಟ್ ಇರುವಾಗ ರೆಸಿಸ್ಟರ್ ಮೂಲಕ ಕೆಪಾಸಿಟರ್ ತುಂಬುತ್ತದೆ. ಮೇಲಿನ ಗುರುತು ಮುಟ್ಟಿದ ಕೂಡಲೇ ಔಟ್‌ಪುಟ್ ಸೊನ್ನೆಗೆ ಬೀಳುತ್ತದೆ. ಈಗ ಅದೇ ಪೈಪಿನಲ್ಲಿ ಕೆಪಾಸಿಟರ್ ಖಾಲಿಯಾಗುತ್ತದೆ. ಕೆಳಗಿನ ಗುರುತು ಬಂತು, ಔಟ್‌ಪುಟ್ ಮತ್ತೆ ಮೇಲೆ. ಬ್ಯಾಟರಿ ಇರುವ ತನಕ ಇದೇ ಸುತ್ತು.

10 ವೋಲ್ಟ್ ಕೊಟ್ಟಾಗ ಆ ಎರಡು ಗುರುತುಗಳು ಸುಮಾರು 5.9 ಮತ್ತು 3.9 ವೋಲ್ಟ್. ಲೆಕ್ಕ ಹಾಕಿದರೆ ಒಂದು ಸುಲಭ ಸೂತ್ರ ಸಿಗುತ್ತದೆ:

ಸೆಕೆಂಡಿಗೆ ಎಷ್ಟು ಸುತ್ತು = 1.2 ÷ (ರೆಸಿಸ್ಟರ್ × ಕೆಪಾಸಿಟರ್)

ರೆಸಿಸ್ಟರನ್ನು ಮೆಗಾಓಮ್‌ನಲ್ಲಿ, ಕೆಪಾಸಿಟರನ್ನು ಮೈಕ್ರೋಫ್ಯಾರಡ್‌ನಲ್ಲಿ ಹಾಕಿ. ಉತ್ತರ ನೇರ ಹರ್ಟ್ಜ್‌ನಲ್ಲಿ ಬರುತ್ತದೆ. ಉದಾಹರಣೆಗೆ 100ಕೆ ಅಂದರೆ 0.1 ಮೆಗ್, ಕೆಪಾಸಿಟರ್ 0.1 ಮೈಕ್ರೋಫ್ಯಾರಡ್. ಗುಣಿಸಿದರೆ 0.01. 1.2ನ್ನು 0.01ರಿಂದ ಭಾಗಿಸಿದರೆ 120 ಹರ್ಟ್ಜ್. ಆ ಗುರುತುಗಳು ಐಸಿಯಿಂದ ಐಸಿಗೆ ಸಾಕಷ್ಟು ಬದಲಾಗುತ್ತವೆ. ಅದಕ್ಕೆ ಈ ಸೂತ್ರ ಅಂದಾಜಿಗೆ ಮಾತ್ರ. ಕೊನೆಯ ಮಾತು ಕಿವಿಯದ್ದು.

ಎರಡು ಗುರುತಿನ ಈ ಉಪಾಯದ ಹಿಂದೆ ಚೆಂದದ ಕಥೆಯೊಂದಿದೆ. ಅಮೆರಿಕದ ಓಟೋ ಸ್ಮಿಟ್ 1934ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ ಇದನ್ನು ಕಂಡುಹಿಡಿದರು. ಅವರು ಓದುತ್ತಿದ್ದದ್ದು ಸ್ಕ್ವಿಡ್‌ನ ನರಗಳ ಬಗ್ಗೆ. ನಮ್ಮ ಕರಾವಳಿಯವರು ಬೊಂಡಾಸ ಅಂತಾರಲ್ಲ, ಅದೇ. ನರದಲ್ಲಿ ಸಂದೇಶ ಹರಿಯುವ ರೀತಿಯನ್ನು ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳಲ್ಲಿ ಅನುಕರಿಸಲು ಹೋಗಿ ಈ ಸರ್ಕ್ಯೂಟ್ ಹುಟ್ಟಿತು.

ಏನೇನು ತರಬೇಕು

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಬಹುದು. ರೆಸಿಸ್ಟರ್, ಕೆಪಾಸಿಟರ್‌ಗಳನ್ನು ಒಂದೊಂದು ಕೊಳ್ಳಬೇಡಿ, ಹತ್ತು-ಹತ್ತು ತೆಗೆದುಕೊಳ್ಳಿ. ಪ್ರಯೋಗ ಮಾಡುವಾಗ ಬೇಕೇ ಬೇಕು.

- ಸಿಡಿ40106: 2 (ಒಂದು ಕೆಟ್ಟರೆ ಇರಲಿ ಅಂತ ಮೂರು)
- ಸಿಡಿ4040: 2, ಸಿಡಿ4017: 1 (ಇವು ಎಣಿಸುವ ಐಸಿಗಳು)
- ಎಲ್‌ಎಂ386, ಅಂದರೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಐಸಿ: 1, ಜೊತೆಗೆ 8 ಓಮ್‌ನ ಸಣ್ಣ ಸ್ಪೀಕರ್
- ರೆಸಿಸ್ಟರ್: 10 ಓಮ್, 4.7ಕೆ, 10ಕೆ, 100ಕೆ, 1 ಮೆಗ್
- ಕೆಪಾಸಿಟರ್: 0.01, 0.022, 0.033, 0.047, 0.1 ಮೈಕ್ರೋಫ್ಯಾರಡ್, ಎಲೆಕ್ಟ್ರೋಲಿಟಿಕ್‌ನಲ್ಲಿ 1, 10, 100, 220
- ಪಾಟ್, ಅಂದರೆ ವಾಲ್ಯೂಮ್ ತಿರುಗಿಸುವ ಕಂಟ್ರೋಲ್: 10ಕೆ, 100ಕೆ, 1 ಮೆಗ್, ಎರಡೆರಡು
- 1ಎನ್4148 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದು), ಒಂದು ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್), ಒಂದೆರಡು ಎಲ್‌ಇಡಿ
- ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಸಿಕ್ಕಿಸಿ ಜೋಡಿಸುವ ತೂತುಗಳ ಹಲಗೆ), ಜಂಪರ್ ವೈರ್, 9 ವೋಲ್ಟ್ ಬ್ಯಾಟರಿ ಮತ್ತು ಅದರ ಕ್ಲಿಪ್

ಕೆಪಾಸಿಟರ್ ಮೇಲೆ 104 ಅಂತ ಇದ್ದರೆ 0.1, 103 ಅಂತ ಇದ್ದರೆ 0.01. ಸ್ವರ ಹುಟ್ಟಿಸುವ ಜಾಗಕ್ಕೆ ಪಾಲಿಯೆಸ್ಟರ್ ಕೆಪಾಸಿಟರ್ ಕೇಳಿ. ಡಿಸ್ಕ್ ಸೆರಾಮಿಕ್ ಅಗ್ಗ, ಆದರೆ ಬಿಸಿಲೇರಿದ ಹಾಗೆ ಅದರ ಮೈಕ್ರೋಫ್ಯಾರಡ್ ಅಳತೆ ಸರಿಯುತ್ತದೆ, ಶ್ರುತಿಯೂ ಜಾರುತ್ತದೆ.

ಐಸಿ ಕೊಳ್ಳುವಾಗ ಮೇಲಿನ ನಂಬರನ್ನು ಬೆಳಕಿಗೆ ಹಿಡಿದು ಓದಿ. ಇದನ್ನು ಒತ್ತಿ ಹೇಳುತ್ತೇನೆ. ಒಮ್ಮೆ ನನಗೆ 40106 ಅಂತ ಕೊಟ್ಟ ಕವರಿನಲ್ಲಿ 4069 ಇತ್ತು. ಎರಡರ ಪಿನ್‌ಗಳೂ ಒಂದೇ, ಎರಡರಲ್ಲೂ ಆರು ಇನ್ವರ್ಟರ್. ಆದರೆ 4069ರಲ್ಲಿ ಆ ಎರಡು ಗುರುತುಗಳಿಲ್ಲ. ಹಾಗಾಗಿ ಈ ಸರ್ಕ್ಯೂಟ್ ಅದರಲ್ಲಿ ನಡೆಯುವುದಿಲ್ಲ. ಒಂದು ಸಂಜೆಯೆಲ್ಲ ವೈರ್ ಕಿತ್ತು ಹಾಕಿ ನೋಡಿದೆ. ಕೊನೆಗೆ ಟಾರ್ಚ್ ಬಿಟ್ಟು ನಂಬರ್ ಓದಿದಾಗ ಗೊತ್ತಾಯಿತು. ಇನ್ನೊಂದು, 74ಎಚ್‌ಸಿ14. ಅದಕ್ಕೆ ಸ್ಮಿಟ್ ಟ್ರಿಗರ್ ಇದೆ, ಪಿನ್‌ಗಳೂ ಇದೇ. ಆದರೆ ಅದು 6 ವೋಲ್ಟಿನವರೆಗೆ ಮಾತ್ರ. ಒಂಬತ್ತು ಕೊಟ್ಟರೆ ಸತ್ತುಹೋಗುತ್ತದೆ. ಸಿಡಿ40106 ಆದರೆ 3ರಿಂದ 18 ವೋಲ್ಟ್‌ವರೆಗೆ ಆರಾಮ.

ಮೊದಲು ಕಣ್ಣಿಗೆ, ಆಮೇಲೆ ಕಿವಿಗೆ

ನೇರ ಸದ್ದಿಗೆ ಹೋಗಬೇಡಿ. ಮೊದಲು ಅದೇ ಸರ್ಕ್ಯೂಟನ್ನು ನಿಧಾನವಾಗಿ ಓಡಿಸಿ ಎಲ್‌ಇಡಿ ಮಿನುಗಿಸೋಣ. ತಪ್ಪಿದ್ದರೆ ಕಣ್ಣಿಗೇ ಕಾಣುತ್ತದೆ.

1. ಐಸಿ ಮುಟ್ಟುವ ಮುಂಚೆ ನಲ್ಲಿ ಅಥವಾ ಬೇರೆ ದೊಡ್ಡ ಲೋಹದ ವಸ್ತು ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಒಣ ಹವೆಯ ದಿನಗಳಲ್ಲಿ ಇದು ಮುಖ್ಯ.

2. ಐಸಿಯ ತುದಿಯಲ್ಲಿರುವ ಅರೆಚಂದ್ರದ ಕಚ್ಚು ಎಡಕ್ಕೆ ಬರುವಂತೆ, ಬ್ರೆಡ್‌ಬೋರ್ಡಿನ ನಡುವಿನ ಕಾಲುವೆಯ ಮೇಲೆ ಕೂರಿಸಿ. ಕೆಳಗಿನ ಸಾಲು ಎಡದಿಂದ ಬಲಕ್ಕೆ 1ರಿಂದ 7. ಮೇಲಿನ ಸಾಲು ಬಲದಿಂದ ಎಡಕ್ಕೆ 8ರಿಂದ 14. ಕಾಲು ಒಳಗೆ ಮಡಚಿಕೊಂಡಿಲ್ಲ ಅಂತ ಬಗ್ಗಿ ನೋಡಿ.

3. 14ನೇ ಪಿನ್ ಪ್ಲಸ್‌ಗೆ, 7ನೇ ಪಿನ್ ಗ್ರೌಂಡ್‌ಗೆ, ಅಂದರೆ ಬ್ಯಾಟರಿಯ ಮೈನಸ್‌ಗೆ. ಇವೆರಡರ ನಡುವೆ ಐಸಿಗೆ ಆದಷ್ಟು ಹತ್ತಿರ ಒಂದು 0.1 ಕೆಪಾಸಿಟರ್ ಹಾಕಿ. ಸಪ್ಲೈ ಸಾಲಿಗೆ ಒಂದು 100 ಮೈಕ್ರೋಫ್ಯಾರಡ್.

4. ಆರು ಇನ್ವರ್ಟರ್‌ಗಳು ಹೀಗಿವೆ: 1 ಒಳಗೆ, 2 ಹೊರಗೆ, 3-4, 5-6, 9-8, 11-10, 13-12. ಈಗ ಬಳಸುವುದು 1-2 ಮಾತ್ರ. ಉಳಿದ ಒಳಪಿನ್‌ಗಳನ್ನು, ಅಂದರೆ 3, 5, 9, 11, 13ನ್ನು ಗ್ರೌಂಡ್‌ಗೆ ಕಟ್ಟಿ. ಸುಮ್ನೆ ಬಿಟ್ಟರೆ ಅವು ಗಾಳಿಯಲ್ಲಿರುವ ಕರೆಂಟಿನ ಗುಂಯ್‌ಗುಡುವಿಕೆಯನ್ನು ಹಿಡಿದು ತಾವೇ ತಾವಾಗಿ ಕುಣಿಯುತ್ತವೆ. ಔಟ್‌ಪುಟ್‌ಗಳನ್ನು ಮಾತ್ರ ಎಲ್ಲಿಗೂ ಕಟ್ಟಬೇಡಿ.

5. 2ರಿಂದ 1ಕ್ಕೆ 1 ಮೆಗ್ ರೆಸಿಸ್ಟರ್. 1ರಿಂದ ಗ್ರೌಂಡ್‌ಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಮೈನಸ್ ಕಾಲು ಗ್ರೌಂಡ್ ಕಡೆ.

6. 2ನೇ ಪಿನ್ನಿನಿಂದ 4.7ಕೆ ರೆಸಿಸ್ಟರ್, ಅದರ ತುದಿಗೆ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಗ್ರೌಂಡ್‌ಗೆ.

ಬ್ಯಾಟರಿ ಹಾಕಿ. ಸೆಕೆಂಡಿಗೆ ಸುಮಾರು ಒಂದು ಸಲ ಎಲ್‌ಇಡಿ ಮಿನುಗಬೇಕು. ಬೆಳಕು ಮಂಕಾಗಿರುತ್ತದೆ, ಯಾಕಂದರೆ ಈ ಐಸಿ ಜಾಸ್ತಿ ಕರೆಂಟ್ ಕೊಡುವುದಿಲ್ಲ.

ಈಗ ಸದ್ದು. 2ನೇ ಪಿನ್ನಿನಿಂದ 100ಕೆ ರೆಸಿಸ್ಟರ್ ತನ್ನಿ. ಅದರ ಇನ್ನೊಂದು ತುದಿಯಿಂದ ಗ್ರೌಂಡ್‌ಗೆ 10ಕೆ. ಅವೆರಡು ಸೇರುವ ಜಾಗದಿಂದ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟಿ ಹಳೆಯ ಕಂಪ್ಯೂಟರ್ ಸ್ಪೀಕರಿನ ಆಕ್ಸ್ ವೈರಿಗೆ. ಕೆಪಾಸಿಟರಿನ ಪ್ಲಸ್ ಐಸಿ ಕಡೆ ಇರಲಿ. ವೈರಿನ ಗ್ರೌಂಡನ್ನು ಬ್ಯಾಟರಿಯ ಮೈನಸ್‌ಗೆ ಸೇರಿಸಿ. ಆ ಎರಡು ರೆಸಿಸ್ಟರ್‌ಗಳು ಒಂಬತ್ತು ವೋಲ್ಟನ್ನು ಸುಮಾರು 0.8ಕ್ಕೆ ಇಳಿಸುತ್ತವೆ. ಅವಿಲ್ಲದೆ ನೇರ ಔಟ್‌ಪುಟ್ಟನ್ನು ಸ್ಪೀಕರಿಗಾಗಲಿ ಮೊಬೈಲಿಗಾಗಲಿ ಕೊಡಬೇಡಿ. ಹೆಡ್‌ಫೋನ್ ಕಿವಿಯಲ್ಲಿಟ್ಟುಕೊಂಡು ಪ್ರಯೋಗ ಮಾಡುವುದೂ ಬೇಡ.

ವಾಲ್ಯೂಮ್ ಕಡಿಮೆ ಇಟ್ಟು ಕೇಳಿ. ಟಕ್... ಟಕ್... ಅಂತ ಬರುತ್ತದೆ. ಈಗ 1 ಮೈಕ್ರೋಫ್ಯಾರಡ್ ಕಿತ್ತು 0.1 ಹಾಕಿ. ಸೆಕೆಂಡಿಗೆ ಹನ್ನೆರಡು ಟಕ್, ಗೇಟಿನ ಮೇಲೆ ಕೋಲು ಎಳೆದ ಹಾಗೆ. ಅದನ್ನೂ ಕಿತ್ತು 0.01 ಹಾಕಿ. ಟಕ್‌ಗಳೆಲ್ಲ ಮಾಯ, 120 ಹರ್ಟ್ಜ್‌ನ ಒಂದು ದಪ್ಪ ಸ್ವರ! ನಡುವೆ, ಸೆಕೆಂಡಿಗೆ ಇಪ್ಪತ್ತರ ಆಸುಪಾಸಿನಲ್ಲಿ, ತಾಳ ಕರಗಿ ಸ್ವರ ಆಗುತ್ತದೆ. 0.1 ಹಾಕಿಕೊಂಡು, ರೆಸಿಸ್ಟರ್ ಬದಲಿಗೆ 1 ಮೆಗ್ ಪಾಟ್ ಇಟ್ಟು ಮೆಲ್ಲಗೆ ತಿರುಗಿಸಿ. ಆ ಗಡಿ ದಾಟುವುದನ್ನು ಬೆರಳ ತುದಿಯಲ್ಲೇ ಕೇಳಬಹುದು. ನಾನು ಎಷ್ಟು ಸಲ ಮಾಡಿದರೂ ಅಲ್ಲೊಮ್ಮೆ ನಿಲ್ಲುತ್ತೇನೆ.

ಪಾಟ್ ಹಾಕುವಾಗ ಅದರ ನಡುಕಾಲು ಮತ್ತು ಒಂದು ಪಕ್ಕದ ಕಾಲು ಬಳಸಿ. ಜೊತೆಗೆ ಸಾಲಾಗಿ ಒಂದು 10ಕೆ ರೆಸಿಸ್ಟರ್ ಇರಲೇಬೇಕು. ಇಲ್ಲದಿದ್ದರೆ ಪಾಟ್ ಪೂರ್ತಿ ತಿರುಗಿದಾಗ ಔಟ್‌ಪುಟ್ ನೇರ ಇನ್‌ಪುಟ್‌ಗೆ ಸೇರಿ ಐಸಿ ಸುಮ್ಮನೆ ಬಿಸಿಯಾಗುತ್ತದೆ.

ಪಾಟ್ ಬಿಟ್ಟು ಬೇರೆ ಏನನ್ನು ತಿರುಗಿಸಬಹುದು?

ರೆಸಿಸ್ಟೆನ್ಸ್ ಇರುವ ಯಾವುದಾದರೂ ಆ ಜಾಗದಲ್ಲಿ ನಡೆಯುತ್ತದೆ. ಎಲ್‌ಡಿಆರ್ ಹಾಕಿದರೆ ಬೆಳಕು ಸ್ವರ ಬದಲಿಸುತ್ತದೆ. ಕೈ ಅಡ್ಡ ಹಿಡಿದರೆ ಸ್ವರ ಇಳಿಯುತ್ತದೆ, ಕಿಟಕಿ ಕಡೆ ತಿರುಗಿಸಿದರೆ ಏರುತ್ತದೆ.

ಮಕ್ಕಳ ಜೊತೆ ಮಾಡುವುದಾದರೆ ಪೆನ್ಸಿಲ್ ತೆಗೆದುಕೊಳ್ಳಿ. 6ಬಿ ಆದರೆ ಒಳ್ಳೆಯದು. ಕಾಗದದ ಮೇಲೆ ಬೆರಳಗಲದ ಒಂದು ಪಟ್ಟಿಯನ್ನು ಕಪ್ಪಗೆ ಮಿಂಚುವ ತನಕ ಉಜ್ಜಿ. ಒಂದು ವೈರನ್ನು ಪಟ್ಟಿಯ ತುದಿಗೆ ಕ್ಲಿಪ್ ಮಾಡಿ, ಇನ್ನೊಂದನ್ನು ಪಟ್ಟಿಯ ಮೇಲೆ ಎಳೆಯಿರಿ. ಹತ್ತಿರ ಬಂದ ಹಾಗೆ ಸ್ವರ ಏರುತ್ತದೆ, ಗಮಕವೂ ಬರುತ್ತದೆ. ಇನ್ನೂ ಸರಳ ಬೇಕಾದರೆ ಎರಡು ನಾಣ್ಯಗಳಿಗೆ ವೈರ್ ಸುತ್ತಿ ಎರಡು ಬೆರಳಿಡಿ. ಮೆಲ್ಲಗೆ ಮುಟ್ಟಿದರೆ ತಗ್ಗಿನ ಸ್ವರ, ಒತ್ತಿದರೆ ಮೇಲಿನದು, ಬೆರಳು ಒದ್ದೆ ಮಾಡಿಕೊಂಡರೆ ಇನ್ನೂ ಮೇಲೆ. ಇಬ್ಬರು ಒಂದೊಂದು ನಾಣ್ಯ ಹಿಡಿದು ಕೈ ಕೈ ಮುಟ್ಟಿದರೂ ಸ್ವರ ಬರುತ್ತದೆ.

ಮೈ ಮುಟ್ಟುವ ಈ ಆಟಗಳನ್ನು ಬ್ಯಾಟರಿಯಲ್ಲಿ ಮಾತ್ರ ಮಾಡಿ. ಐಸಿಗೆ ಗೋಡೆಯ ಸಾಕೆಟ್ಟಿನ ಅಡಾಪ್ಟರ್ ಬೇಡ. ಸದ್ದು ಕೇಳಲು ಬಳಸುವ ಸ್ಪೀಕರ್ ಕೂಡ ಕರೆಂಟಿಗೆ ಸಿಕ್ಕಿಸಿದ್ದಾಗಿರಬಾರದು. ಬ್ಯಾಟರಿಯ ಸ್ಪೀಕರ್ ಬಳಸಿ, ಅಥವಾ ಮುಂದೆ ಹೇಳುವ ಎಲ್‌ಎಂ386 ಕಟ್ಟಿಕೊಳ್ಳಿ.

ಎರಡು ಸ್ವರ ಸೇರಿದಾಗ

3-4ರಲ್ಲಿ ಇನ್ನೊಂದು ಸ್ವರ ಕಟ್ಟಿ. 3ಕ್ಕೆ ಹಾಕಿದ್ದ ಗ್ರೌಂಡ್ ವೈರ್ ಮೊದಲು ತೆಗೆಯಿರಿ, ಇದನ್ನು ಎಲ್ಲರೂ ಮರೆಯುತ್ತಾರೆ. ಎರಡಕ್ಕೂ 0.1 ಕೆಪಾಸಿಟರ್, 10ಕೆ ರೆಸಿಸ್ಟರ್, 100ಕೆ ಪಾಟ್. ಹೀಗಿದ್ದರೆ ಸುಮಾರು 110ರಿಂದ 1200 ಹರ್ಟ್ಜ್ ತನಕ ಹೋಗಬಹುದು.

ಔಟ್‌ಪುಟ್‌ಗಳನ್ನು ನೇರ ಒಂದಕ್ಕೊಂದು ಕಟ್ಟಬಾರದು. ಒಂದು ಒಂಬತ್ತು ವೋಲ್ಟ್ ಅಂದಾಗ ಇನ್ನೊಂದು ಸೊನ್ನೆ ಅಂದರೆ ಎರಡೂ ಕಿತ್ತಾಡುತ್ತವೆ. ಪ್ರತಿ ಔಟ್‌ಪುಟ್‌ಗೂ ಒಂದೊಂದು 100ಕೆ ಹಾಕಿ, ಆ ರೆಸಿಸ್ಟರ್‌ಗಳ ಇನ್ನೊಂದು ತುದಿಗಳನ್ನು ಒಂದೆಡೆ ಸೇರಿಸಿ. ಇದನ್ನು ಸೇರುವ ಜಾಗ ಅನ್ನೋಣ. ಮೊದಲಿನ 10ಕೆ ಅಲ್ಲೇ ಇರಲಿ.

ಈಗ ಒಂದನ್ನು ಹಾಗೇ ಬಿಟ್ಟು ಇನ್ನೊಂದರ ಪಾಟ್ ತಿರುಗಿಸಿ, ಎರಡನ್ನೂ ಒಂದೇ ಸ್ವರಕ್ಕೆ ತನ್ನಿ. ಹತ್ತಿರ ಬರುತ್ತಿದ್ದಂತೆ ವಂಯ್-ವಂಯ್ ಅಂತ ಅಲೆ ಏಳುತ್ತದೆ. ಒಂದು 130, ಇನ್ನೊಂದು 131 ಇದ್ದರೆ ಸೆಕೆಂಡಿಗೆ ಸರಿಯಾಗಿ ಒಂದು ಅಲೆ. ತಂಬೂರಿ ಶ್ರುತಿ ಮಾಡುವವರು ಬಿರಡೆ ತಿರುಗಿಸುತ್ತಾ ಕಾಯುವುದು ಈ ಅಲೆ ಚಪ್ಪಟೆಯಾಗುವುದನ್ನೇ, ಅಲ್ವಾ?

ಇನ್ನೇನು ಸೇರಿತು ಅನ್ನುವಷ್ಟರಲ್ಲಿ ಎರಡೂ ತಟ್ಟನೆ ಅಂಟಿಕೊಳ್ಳಬಹುದು. ಒಂದೇ ಐಸಿಯೊಳಗಿನ ಎರಡು ಸ್ವರಗಳು ಸಪ್ಲೈ ಮೂಲಕ ಒಂದನ್ನೊಂದು ಎಳೆಯುತ್ತವೆ. 0.1 ಕೆಪಾಸಿಟರನ್ನು 14 ಮತ್ತು 7ಕ್ಕೆ ಇನ್ನೂ ಹತ್ತಿರ ಸರಿಸಿದರೆ ಕಡಿಮೆಯಾಗುತ್ತದೆ. ನಿಧಾನದ ಅಲೆಯೇ ಬೇಕೆಂದರೆ ಎರಡನೇ ಸ್ವರವನ್ನು ಬೇರೆ ಐಸಿಯಲ್ಲಿ ಕಟ್ಟಿ.

ಸ್ವರವನ್ನು ತುಂಡರಿಸುವುದು

ತಾನೇ ಮೇಲೆ-ಕೆಳಗೆ ಸುತ್ತು ಹಾಕುವ ಇಂಥ ಸರ್ಕ್ಯೂಟಿಗೆ ಆಸಿಲೇಟರ್ ಅಂತಾರೆ. 5-6ರಲ್ಲಿ ನಿಧಾನದ ಒಂದು ಆಸಿಲೇಟರ್ ಮಾಡಿ: 1 ಮೆಗ್ ಪಾಟ್, 100ಕೆ ರೆಸಿಸ್ಟರ್, 1 ಮೈಕ್ರೋಫ್ಯಾರಡ್. ಸೆಕೆಂಡಿಗೆ ಒಂದರಿಂದ ಹನ್ನೆರಡು ಸುತ್ತು ಬರುತ್ತದೆ. 6ರಿಂದ 1ಕ್ಕೆ ಒಂದು 1ಎನ್4148 ಡಯೋಡ್ ಹಾಕಿ, ಕಪ್ಪು ಗೆರೆ ಇರುವ ತುದಿ 1ರ ಕಡೆ. ನಿಧಾನದ್ದು ಮೇಲೆ ಹೋದಾಗ 1ನೇ ಪಿನ್ನನ್ನು ಮೇಲೇ ಹಿಡಿದಿಡುತ್ತದೆ, ಸ್ವರ ನಿಲ್ಲುತ್ತದೆ. ಕೆಳಗೆ ಬಂದಾಗ ಡಯೋಡ್ ಅಡ್ಡಗಟ್ಟುತ್ತದೆ, ಸ್ವರ ಬಿಡುಗಡೆ. ಡಯೋಡ್ ಬದಲು 1 ಮೆಗ್ ರೆಸಿಸ್ಟರ್ ಹಾಕಿದರೆ ಸ್ವರ ನಿಲ್ಲುವ ಬದಲು ಎರಡು ಸ್ಥಾನಗಳ ನಡುವೆ ತೂಗಾಡುತ್ತದೆ.

ಎಣಿಸಿ ಹುಟ್ಟಿಸುವ ಶ್ರುತಿ

ಈಗ ನಮ್ಮ ಶ್ರುತಿಪೆಟ್ಟಿಗೆ. ಎಲೆಕ್ಟ್ರಾನಿಕ್ ತಂಬೂರಿ ಬೆಂಗಳೂರಿನದೇ ಕೂಸು. ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ 1979ರಲ್ಲಿ ಅದನ್ನು ತಯಾರಿಸಿದರು. ನಾವು ಕಟ್ಟುತ್ತಿರುವುದು ಅದಕ್ಕಿಂತ ತುಂಬಾ ಸರಳವಾದದ್ದು. ಮೀಟು ಇಲ್ಲ, ಬರೀ ಹಿಡಿದು ನಿಲ್ಲುವ ನಾದ.

ಮೂರು ಬೇರೆ ಬೇರೆ ಆಸಿಲೇಟರ್ ಕಟ್ಟಿ ಕಿವಿಯಿಂದ ಪ, ಸ, ಕೆಳಗಿನ ಸ ಸೇರಿಸಬಹುದು. ಆದರೆ ಅರ್ಧ ಗಂಟೆಯಲ್ಲಿ ಮೂರೂ ಮೂರು ದಿಕ್ಕಿಗೆ ಜಾರುತ್ತವೆ. ಅದಕ್ಕಿಂತ ಒಳ್ಳೆಯ ದಾರಿ ಇದೆ. ವೇಗದ ಒಂದೇ ಆಸಿಲೇಟರ್ ಇಟ್ಟು, ಅದನ್ನು ಎಣಿಸಿ ಭಾಗಿಸುವುದು.

ಷಡ್ಜಕ್ಕೂ ಅದರ ಮೇಲಿನ ಪಂಚಮಕ್ಕೂ ಇರುವ ಸಂಬಂಧ 2ಕ್ಕೆ 3. ಮೂಲದ ವೇಗವನ್ನು ನಾಲ್ಕರಿಂದ ಭಾಗಿಸಿದರೆ ತಂಬೂರಿಯ ಮೊದಲ ತಂತಿಯ ಪ. ಮೂರರಿಂದ ಭಾಗಿಸಿದರೆ ಸ. ಆರರಿಂದ ಭಾಗಿಸಿದರೆ ಮಂದ್ರದ ಸ. ಮೂಲ 784 ಇದ್ದರೆ ಪ 196, ಸ 261, ಮಂದ್ರ ಸ 131ರ ಹತ್ತಿರ. ಇದು ಹಾರ್ಮೋನಿಯಂನ ಬಿಳಿ ಒಂದು. ಪಾಟ್ ಎಲ್ಲಿಗೆ ತಿರುಗಿಸಿದರೂ ಮೂರೂ ಒಟ್ಟಿಗೆ ಸರಿಯುತ್ತವೆ. ಒಂದರ ಜೊತೆ ಒಂದು ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ಜೋಡಣೆ ಹೀಗೆ.

*ಮೂಲ:* ಹೊಸ 40106ರ 1ರಿಂದ ಗ್ರೌಂಡ್‌ಗೆ 0.01 ಪಾಲಿಯೆಸ್ಟರ್ ಕೆಪಾಸಿಟರ್. 2ರಿಂದ 1ಕ್ಕೆ ಸಾಲಾಗಿ 100ಕೆ ರೆಸಿಸ್ಟರ್, 100ಕೆ ಪಾಟ್. ಇದರಿಂದ ಸುಮಾರು 600ರಿಂದ 1200 ಹರ್ಟ್ಜ್, ಅಂದರೆ ಸ 200ರಿಂದ 400ರವರೆಗೆ. ಬಿಳಿ ಒಂದರಿಂದ ಬಿಳಿ ಐದರವರೆಗಿನ ಶ್ರುತಿಗಳೆಲ್ಲ ಇದರೊಳಗೆ ಬರುತ್ತವೆ. ನಿಮ್ಮ ಐಸಿಯಲ್ಲಿ ಎಲ್ಲ ಮೇಲೆ ಅಥವಾ ಕೆಳಗೆ ಸರಿದಿದ್ದರೆ ಆ 100ಕೆ ರೆಸಿಸ್ಟರ್ ಬದಲಿಸಿ. 2ನ್ನು 3ಕ್ಕೆ ಸೇರಿಸಿ, 4ರಿಂದ ಮುಂದಕ್ಕೆ ಒಯ್ಯಿರಿ. ಹೀಗೆ ಮಾಡಿದರೆ ಮುಂದಿನ ವೈರ್‌ಗಳ ಗಲಾಟೆ ಮೂಲಕ್ಕೆ ತಟ್ಟುವುದಿಲ್ಲ. ಉಳಿದ 5, 9, 11, 13 ಗ್ರೌಂಡ್‌ಗೆ.

*ಪ:* ಮೊದಲ 4040. ಪ್ಲಸ್ 16ಕ್ಕೆ, ಗ್ರೌಂಡ್ 8ಕ್ಕೆ. 11 ಗ್ರೌಂಡ್‌ಗೆ, ಇದು ರೀಸೆಟ್. ಮೂಲದ 4ನೇ ಪಿನ್ ಇದರ 10ಕ್ಕೆ. 7ನೇ ಪಿನ್ನಿನಲ್ಲಿ ನಾಲ್ಕರಿಂದ ಭಾಗಿಸಿದ್ದು ಸಿಗುತ್ತದೆ.

*ಸ:* 4017. ಪ್ಲಸ್ 16, ಗ್ರೌಂಡ್ 8. 13 ಗ್ರೌಂಡ್‌ಗೆ. ಮೂಲ ಇದರ 14ಕ್ಕೆ. 7ನ್ನು 15ಕ್ಕೆ ಕಟ್ಟಿ. ಈ ಒಂದೇ ವೈರ್ ಅದಕ್ಕೆ ಮೂರರ ತನಕ ಮಾತ್ರ ಎಣಿಸಲು ಹೇಳುತ್ತದೆ. ಸೊನ್ನೆ, ಒಂದು, ಎರಡು, ಮತ್ತೆ ಸೊನ್ನೆ. 3ನೇ ಪಿನ್ನಿನಲ್ಲಿ ಸ.

*ಮಂದ್ರ ಸ:* ಎರಡನೇ 4040. ಸಪ್ಲೈ, ರೀಸೆಟ್ ಮೊದಲಿನಂತೆಯೇ. 4017ರ 3ನ್ನು ಇದರ 10ಕ್ಕೆ ಕೊಡಿ. 9ನೇ ಪಿನ್ನಿನಲ್ಲಿ ಅದರ ಅರ್ಧ ಬರುತ್ತದೆ.

ಪ್ರತಿ ಐಸಿಯ ಪಕ್ಕದಲ್ಲೂ ಒಂದೊಂದು 0.1 ಇರಲಿ. ಮೂರು ಔಟ್‌ಪುಟ್‌ಗಳಿಗೆ ಮೂರು 100ಕೆ, ತುದಿಗಳು ಸೇರುವ ಜಾಗಕ್ಕೆ. ಈ ಪೆಟ್ಟಿಗೆಯಲ್ಲಿ ಅಲ್ಲಿಂದ ಗ್ರೌಂಡ್‌ಗೆ 10ಕೆ ರೆಸಿಸ್ಟರ್ ಬೇಡ, ಮುಂದೆ ಬರುವ 10ಕೆ ವಾಲ್ಯೂಮ್ ಪಾಟ್ ಆ ಕೆಲಸ ಮಾಡುತ್ತದೆ. ಸೊನ್ನೆ-ಒಂಬತ್ತರ ನಡುವೆ ತಟ್ಟನೆ ಜಿಗಿಯುವ ಈ ಚೌಕದಲೆಯ ನಾದ ಕಿವಿಗೆ ಒರಟು. ಸೇರುವ ಜಾಗದಿಂದ ಗ್ರೌಂಡ್‌ಗೆ ಒಂದು 0.022 ಹಾಕಿದರೆ ಮೇಲಿನ ಕೊರೆತ ಇಳಿಯುತ್ತದೆ. 0.047 ಹಾಕಿದರೆ ಇನ್ನೂ ಮೆತ್ತಗೆ. ನನಗೆ 0.047 ಇಷ್ಟ.

ಕೇಳುತ್ತಾ ಕೂತರೆ ಒಂದು ಕೊರತೆ ಕಾಣುತ್ತದೆ. ಶ್ರುತಿ ತೀರಾ ಕರಾರುವಾಕ್ಕು, ಅಲುಗಾಟವೇ ಇಲ್ಲ. ತಂಬೂರಿಯಲ್ಲಿ ಕುದುರೆಯ ಮೇಲೆ ತಂತಿಯಡಿ ನೂಲು ಸರಿಸಿ ಜೀವ ತರುತ್ತಾರಲ್ಲ, ಅಂಥದ್ದೇನೋ ಬೇಕು ಅನ್ನಿಸುತ್ತದೆ. ನೂಲಿನ ನಾದ ನಮಗೆ ಬರುವುದಿಲ್ಲ, ಆದರೆ ಉಸಿರು ತರಬಹುದು. ಇನ್ನೊಂದು 40106ರಲ್ಲಿ ಸ್ವತಂತ್ರವಾದ ಒಂದು ಸ ಕಟ್ಟಿ: 0.033 ಕೆಪಾಸಿಟರ್, 100ಕೆ ರೆಸಿಸ್ಟರ್, 100ಕೆ ಪಾಟ್, ಸಣ್ಣ ತಿದ್ದುಪಡಿಗೆ ಸಾಲಾಗಿ ಇನ್ನೊಂದು 10ಕೆ ಪಾಟ್. ಇದನ್ನೂ 100ಕೆ ಮೂಲಕ ಸೇರುವ ಜಾಗಕ್ಕೆ ಕೊಡಿ. ಎಣಿಸಿದ ಸಕ್ಕೆ ಹತ್ತಿರ ತಂದು, ಎರಡು ಸೆಕೆಂಡಿಗೊಂದು ಅಲೆ ಬರುವಲ್ಲಿ ನಿಲ್ಲಿಸಿ. ಇಡೀ ನಾದ ಮೆಲ್ಲಗೆ ಉಬ್ಬಿ ಇಳಿಯಲು ಶುರುವಾಗುತ್ತದೆ.

ತನ್ನದೇ ಸ್ಪೀಕರ್

ಎಲ್‌ಎಂ386ಕ್ಕೆ ಎಂಟು ಕಾಲು. 6 ಪ್ಲಸ್‌ಗೆ, 4 ಗ್ರೌಂಡ್‌ಗೆ, 2ನೂ ಗ್ರೌಂಡ್‌ಗೆ. ಸೇರುವ ಜಾಗದಿಂದ 1 ಮೈಕ್ರೋಫ್ಯಾರಡ್ ದಾಟಿ 10ಕೆ ಪಾಟಿನ ಒಂದು ಪಕ್ಕಕ್ಕೆ, ಇನ್ನೊಂದು ಪಕ್ಕ ಗ್ರೌಂಡ್‌ಗೆ, ನಡುಕಾಲು 3ಕ್ಕೆ. 5ರಿಂದ 220 ಮೈಕ್ರೋಫ್ಯಾರಡ್ ದಾಟಿ ಸ್ಪೀಕರಿಗೆ, ಅದರ ಪ್ಲಸ್ 5ರ ಕಡೆ. 5ರಿಂದಲೇ 0.047 ಮತ್ತು 10 ಓಮ್ ಸಾಲಾಗಿ ಗ್ರೌಂಡ್‌ಗೆ. ಇಲ್ಲದಿದ್ದರೆ ಅದು ಕಿವಿಗೆ ಕೇಳದಷ್ಟು ಮೇಲೆ ಕಿರುಚಬಹುದು. 1, 7 ಮತ್ತು 8 ಖಾಲಿ ಬಿಡಿ. ಹಾಗೆ ಬಿಟ್ಟರೆ ಇಪ್ಪತ್ತು ಪಟ್ಟು ಹೆಚ್ಚಿಸುತ್ತದೆ, ನಮಗೆ ಅದೇ ಜಾಸ್ತಿ. ವಾಲ್ಯೂಮ್ ಪಾಟ್ ಸೊನ್ನೆಯಿಂದ ಶುರು ಮಾಡಿ, ಕಾಲು ಭಾಗಕ್ಕಿಂತ ಮೇಲೆ ಹೋದರೆ ಸದ್ದು ಒಡೆಯುತ್ತದೆ.

ಸದ್ದೇ ಬರದಿದ್ದರೆ

ಮಲ್ಟಿಮೀಟರ್ ತೆಗೆದುಕೊಂಡು ಸಪ್ಲೈ ವೋಲ್ಟೇಜನ್ನು ಐಸಿಯ ಕಾಲಿನ ಮೇಲೇ ನೋಡಿ, ಬ್ರೆಡ್‌ಬೋರ್ಡಿನ ಸಾಲಿನಲ್ಲಿ ಅಲ್ಲ. ಉದ್ದದ ಬ್ರೆಡ್‌ಬೋರ್ಡ್‌ಗಳಲ್ಲಿ ಪ್ಲಸ್-ಮೈನಸ್ ಸಾಲು ನಡುವೆ ತುಂಡಾಗಿರುತ್ತದೆ. ಕಣ್ಣಿಗೆ ಒಂದೇ ಸಾಲಿನಂತೆ ಕಂಡರೂ ಆ ಕಡೆಗೆ ಕರೆಂಟ್ ಹೋಗಿರುವುದಿಲ್ಲ. ಐಸಿ ಬಿಸಿಯಾಗಿದ್ದರೆ ಕೂಡಲೇ ಬ್ಯಾಟರಿ ಕೀಳಿ, ಉಲ್ಟಾ ಕೂತಿರಬಹುದು.

ಆಸಿಲೇಟರ್ ಓಡುತ್ತಿದೆಯಾ ಅಂತ ಡಿಸಿ ವೋಲ್ಟ್‌ನಲ್ಲೇ ತಿಳಿಯಬಹುದು. ಔಟ್‌ಪುಟ್ ಪಿನ್ನಿನಲ್ಲಿ ಮೀಟರ್ ನಾಲ್ಕೂವರೆ ವೋಲ್ಟಿನ ಹತ್ತಿರ ತೋರಿಸಿದರೆ ಓಡುತ್ತಿದೆ. ಮೀಟರ್ ಒಂಬತ್ತು ಮತ್ತು ಸೊನ್ನೆಯ ಸರಾಸರಿ ತೋರಿಸುತ್ತಿರುತ್ತದೆ. ಬರೀ ಒಂಬತ್ತು ಅಥವಾ ಬರೀ ಸೊನ್ನೆ ಇದ್ದರೆ ನಿಂತಿದೆ ಅಂತ ಅರ್ಥ. ಆಗ ಕೆಪಾಸಿಟರ್ ಗ್ರೌಂಡ್‌ಗೆ ನಿಜವಾಗಿ ಮುಟ್ಟಿದೆಯಾ, ಹಳೆಯ ಗ್ರೌಂಡ್ ವೈರ್ ಇನ್‌ಪುಟ್‌ನಲ್ಲೇ ಉಳಿದಿದೆಯಾ ನೋಡಿ. 4017ರ 3ನೇ ಪಿನ್ನಿನಲ್ಲಿ ಮಾತ್ರ ಮೂರು ವೋಲ್ಟ್ ಇರಬೇಕು, ಯಾಕಂದರೆ ಅದು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಮೇಲಿರುತ್ತದೆ.

ಸ್ವರ ನಡುಗುತ್ತಾ ಇಳಿಯುತ್ತಿದ್ದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ. ಕೈ ಹತ್ತಿರ ತಂದಾಗ ಸ್ವರ ಬದಲಾದರೆ ಇನ್‌ಪುಟ್ ಕಡೆಯ ವೈರ್ ಉದ್ದ ಜಾಸ್ತಿ. ಗಿಡ್ಡ ಮಾಡಿ.

ಎಲ್ಲ ಸರಿಯಾದ ಮೇಲೆ ಚುಕ್ಕೆ ಬೋರ್ಡಿಗೆ ಬೆಸುಗೆ ಹಾಕಿ. ಐಸಿಗಳನ್ನು ನೇರ ಬೆಸೆಯದೆ ಸಾಕೆಟ್ ಬೆಸೆದು ಅದರಲ್ಲಿ ಕೂರಿಸಿ. ಡಬ್ಬಿಗೆ ತಗಡಿನ ಬಿಸ್ಕತ್ತಿನ ಪೆಟ್ಟಿಗೆ ಒಳ್ಳೆಯದು. ಒಳಗೆ ದಪ್ಪ ರಟ್ಟು ಹಾಸಿ ಬೋರ್ಡ್ ತಗಡಿಗೆ ತಾಗದಂತೆ ನೋಡಿಕೊಳ್ಳಿ, ತಗಡನ್ನು ಒಂದು ವೈರಿನಿಂದ ಗ್ರೌಂಡ್‌ಗೆ ಸೇರಿಸಿ. ಟ್ಯೂಬ್‌ಲೈಟಿನ ಗುಂಯ್ ಒಳಗೆ ಬರುವುದಿಲ್ಲ. ಮುಚ್ಚಳದಲ್ಲಿ ಸ್ಪೀಕರಿನ ಎದುರು ಮೊಳೆಯಿಂದ ತೂತು ಹೊಡೆಯಿರಿ. ಶ್ರುತಿಯ ಪಾಟಿನ ಸುತ್ತ ಒಂದು ಕಾಗದದ ಬಿಲ್ಲೆ ಅಂಟಿಸಿ, ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಮನೆಗೆ ಸ ಸೇರಿಸುತ್ತಾ ಪೆನ್ಸಿಲಿನಿಂದ ಗುರುತು ಹಾಕಿ. ಬ್ಯಾಟರಿ ಬದಲಿಸಿದಾಗ ಆ ಗುರುತುಗಳು ತುಸು ಸರಿಯುತ್ತವೆ, ಅದಕ್ಕೇ ಪೆನ್ಸಿಲ್.